ಎದ್ದು ನಿಂತದ್ದೇ ತಪ್ಪಾಯಿತು

“ಬೀಳು ತಮ್ಮುಡೂ! ಬೀಳೋಕೆ ಯಾಕಿಷ್ಟು ಹೆದರಿಕೆ?”

ವಿಶಾಖಪಟ್ಟಣದ ಗಾಜುವಾಕ. ಧರ್ಮಾಸ್ಪತ್ರೆಯೊಂದರ ಹಿಂದಿನ ಅಂಗಳದಲ್ಲಿ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೊದಲ ಪಾಳಿಯವರನ್ನು ತುಂಬಿಕೊಂಡ ಬಸ್ಸುಗಳು ಕಾಂಪೌಂಡಿನಾಚೆ ಹಾರ್ನ್ ಹೊಡೆಯುತ್ತ ಸಾಗುತ್ತಿವೆ. ಒಳಗೆ ಹಳೆಯ ಹಾಸಿಗೆಗಳನ್ನು ನೆಲಕ್ಕೆ ಹಾಸಿ, ರಾಜ್ಯಲಕ್ಷ್ಮಿ ಒಬ್ಬ ಗಟ್ಟಿಮುಟ್ಟಾದ ಗಂಡಸನ್ನು ತೆಲುಗಿನಲ್ಲಿ ಗದರುತ್ತಿದ್ದಾರೆ. ಆತ ಮಣಿಕಂಠ, ಆಟೊ ಓಡಿಸುತ್ತಿದ್ದವನು. ಅಪಘಾತದಲ್ಲಿ ಎಡಗಾಲು ಹೋಗಿದೆ. ಕೃತಕ ಕಾಲು ಬಂದು ಬಹಳ ದಿನವಾದರೂ ಗೋಡೆ ಬಿಡಲೊಲ್ಲ.

ರಾಜ್ಯಲಕ್ಷ್ಮಿ ಕಾಯುವುದಿಲ್ಲ. ತಾವೇ ಪಕ್ಕಕ್ಕೆ ವಾಲಿ, ಭುಜ ಕೊಟ್ಟು ದೊಪ್ಪೆಂದು ಬೀಳುತ್ತಾರೆ. ಅಂಗೈ ಊರಿ, ಎಡಮೊಣಕಾಲು ಮಡಿಸಿ, ಸೆರಗು ಕೊಡವಿ ಎದ್ದು ನಿಲ್ಲುತ್ತಾರೆ. ಅವರ ಬಲಗಾಲೂ ತೊಡೆಯಿಂದ ಕೆಳಗೆ ಪ್ಲಾಸ್ಟಿಕ್ಕಿನದು.

“ಬೀಳಾಕ ಬರೋರಿಗೆ ನಡಿಯಾಕೂ ಬರ್ತದರಿ,” ಎಂದು ನಮ್ಮತ್ತ ತಿರುಗಿ ಹೇಳುವಾಗ ಭಾಷೆ ಕನ್ನಡಕ್ಕೆ, ಅದರಲ್ಲೂ ಸಿಂಧನೂರಿನ ಕನ್ನಡಕ್ಕೆ ತಿರುಗುತ್ತದೆ. ತವರು ಅಲ್ಲಿಯೇ. ಅಕ್ಕಿ ಗಿರಣಿಗೆ ಯಂತ್ರ ಕೂಡಿಸಲು ಬಂದಿದ್ದ ರಾಮಮೋಹನ್ ಅವರನ್ನು ಮದುವೆಯಾಗಿ ಈ ಸಮುದ್ರದೂರಿಗೆ ಬಂದರು. ಪ್ಯಾಕಿಂಗ್ ಘಟಕದಲ್ಲಿ ನಿಂತೇ ಮಾಡುವ ಕೆಲಸ ಹಿಡಿದರು. ಒಂದು ಸಂಜೆ ಬಸ್ಸಿಗೆ ಕಾಯುತ್ತಿದ್ದಾಗ ಹಿಂದಕ್ಕೆ ಬಂದ ಲಾರಿ ಕಾಲಿನ ಮೇಲೆ ಹತ್ತಿತು. ಕಾಲಿನ ಜೊತೆ ಕೆಲಸವೂ ಹೋಯಿತು.

“ಪ್ಲಾಸ್ಟಿಕ್ ಕಾಲು ಕಟ್ಟಿದ್ರು, ‘ನಡಿಯಮ್ಮಾ’ ಅಂದ್ರು, ಮನಿಗೆ ಕಳಿಸಿದ್ರು. ಹ್ಯಾಂಗ ನಡೀಬೇಕಂತ ಒಬ್ರೂ ಹೇಳಲಿಲ್ಲ. ಬಚ್ಚಲದಾಗ ಬಿದ್ದೆ, ಬಾಗಲದಾಗ ಬಿದ್ದೆ. ಬಿದ್ದಾಗೆಲ್ಲ ಗೋಡಿ ಜೋಡಿ ಜಗಳ!”

ಆ ಜಗಳದಲ್ಲಿ ಕಲಿತದ್ದನ್ನೇ ಈಗ ಬೇರೆಯವರಿಗೆ ಕಲಿಸುತ್ತಿದ್ದಾರೆ. ದಿನಕ್ಕೆ ಆರೇಳು ಜನ ಬರುತ್ತಾರೆ. ಬಿಡಿಗಾಸಿಲ್ಲದ ಸೇವೆ. ಎರಡು ತಾಸು ಕಳೆಯುವಷ್ಟರಲ್ಲಿ ಕರಾವಳಿಯ ಬೆವರಿಗೆ ತೊಡೆಯ ಚರ್ಮ ಸುಲಿದು ಕಾಲು ಬಿಚ್ಚಲೇಬೇಕಾಗುತ್ತದೆ. ಆಮೇಲೆ ಸಂಜೆಯವರೆಗೂ ಮನೆಯ ಚಾಪೆಯೇ ಗತಿ. ಆ ಚಾಪೆಯನ್ನು ಯಾರೂ ನೋಡಿಲ್ಲ. ಬೆಳಗಿನ ಎರಡು ತಾಸನ್ನು ಮಾತ್ರ ಯಾರೋ ನೋಡಿದರು, ಮೊಬೈಲಿನಲ್ಲಿ ಹಿಡಿದರು. ರಾಜ್ಯಲಕ್ಷ್ಮಿ ಬಿದ್ದು ಏಳುವ ದೃಶ್ಯಕ್ಕೆ ‘ಪೆನ್ಷನ್ ಕಳ್ಳಿ’ ಎಂದು ಹೆಸರಿಟ್ಟು ಊರೆಲ್ಲ ಹಂಚಿದರು. ಮುಂದಿನ ತಿಂಗಳು ಅಂಗವಿಕಲರ ಪೆನ್ಷನ್ ಬರಲಿಲ್ಲ. ಕೇಳಲು ಹೋದರೆ, ದೂರು ಬಂದಿದೆ, ಮರುತಪಾಸಣೆಗೆ ವಿಜಯವಾಡಕ್ಕೆ ಹೋಗಿ ಎಂಬ ಉತ್ತರ.

“ಬಿದ್ರ ಅಯ್ಯೋ ಪಾಪ ಅಂತಾರ, ಎದ್ರ ಕಳ್ಳಿ ಅಂತಾರ. ಮತ್ತ ನಾ ಹ್ಯಾಂಗ ಇರ್ಬೇಕು ಹೇಳ್ರಿ?”

ಗಂಡನ ಜೊತೆ ರೈಲು ಹತ್ತಿದರು. ವಿಜಯವಾಡದ ಗವರ್ನರ್‌ಪೇಟೆಯ ಗದ್ದಲದ ನಡುವೆ ಒಂದು ಹಳೆಯ ಕಟ್ಟಡ. ಅಂಗವಿಕಲರನ್ನು ಪರೀಕ್ಷಿಸುವ ಕೋಣೆ ಮೇಲಿನ ಮಹಡಿಯಲ್ಲಿ, ಲಿಫ್ಟ್ ಕೆಟ್ಟಿದೆ! ಕಂಬಿ ಹಿಡಿದು, ಅಲ್ಲಲ್ಲಿ ಕುಳಿತು, ಹತ್ತಿ ಹೋದರು. ಒಳಗಿದ್ದ ಅಧಿಕಾರಿ ಕೇಳಿದ ಮೊದಲ ಪ್ರಶ್ನೆ: “ಮೆಟ್ಟಿಲು ಹತ್ತಿ ಬಂದ್ರಲ್ಲಮ್ಮಾ, ಮತ್ತೇನು ತೊಂದರೆ ನಿಮಗೆ?”

“ಹತ್ತದಿದ್ದರೆ ಹಾಜರಾಗಿಲ್ಲ ಅಂತಿದ್ದಿರಿ ಸಾರ್. ಹತ್ತಿ ಬಂದರೆ ಕಾಲಿದೆ ಅಂತೀರಿ.”

“ಪುಕ್ಕಟೆ ದುಡಿಯೋಕೆ ಆಗುತ್ತೆ, ಸಂಬಳಕ್ಕೆ ದುಡಿಯೋಕೆ ಆಗಲ್ವಾ?”

ರಾಜ್ಯಲಕ್ಷ್ಮಿ ಪಟ್ಟಿ ಬಿಚ್ಚಿ, ಕಾಲನ್ನು ತೆಗೆದು ಅವರ ಮೇಜಿನ ಮೇಲಿಟ್ಟರು. ಮೆಟ್ಟಿಲು ಹತ್ತಿದ ತಿಕ್ಕಾಟಕ್ಕೆ ಒಳಗಿನ ಕಾಲುಚೀಲ ರಕ್ತದಲ್ಲಿ ತೊಯ್ದಿತ್ತು. ರಾಮಮೋಹನ್ ಮುಖ ತಿರುಗಿಸಿಕೊಂಡರು. ಅಧಿಕಾರಿ ಕುರ್ಚಿಯನ್ನು ಹಿಂದಕ್ಕೆ ಸರಿಸಿದರು, ಅಷ್ಟೇ.

“ಇದೆಲ್ಲ ಬೇಡಮ್ಮಾ, ತೆಗೀರಿ. ಆ ಸೇವೆ ಗೀವೆ ನಿಲ್ಲಿಸ್ತೀನಿ ಅನ್ನಿ, ಇವತ್ತೇ ಮುಗಿಸಿಬಿಡ್ತೀನಿ.”

“ನಿಲ್ಲಿಸಲ್ಲ.”

ಆ ಒಂದು ಮಾತಿಗೆ ತೆತ್ತ ಬೆಲೆ, ಪೆನ್ಷನ್ ಇಲ್ಲದ ಒಂದು ಇಡೀ ಬೇಸಿಗೆ. ರಾಮಮೋಹನ್ ಒಮ್ಮೆ ಬೇಸತ್ತು, ಹೂಂ ಅಂದುಬಿಡಬಾರದಿತ್ತೇ ಎಂದು ಕೇಳಿದ್ದೂ ಉಂಟು. ಆ ರಾತ್ರಿ ಮನೆಯಲ್ಲಿ ಇಬ್ಬರೂ ಉಣ್ಣಲಿಲ್ಲ.

ಇದಕ್ಕಿಂತ ಹೆಚ್ಚಿನ ಪೆಟ್ಟು ಅಂಗಳದಲ್ಲಿ ಬಿತ್ತು. ಸುದ್ದಿ ಹಬ್ಬಿ, ಕಲಿಯಲು ಬರುವವರು ಒಬ್ಬೊಬ್ಬರಾಗಿ ಕಮ್ಮಿಯಾದರು. ಮಣಿಕಂಠನೂ ಬರಲಿಲ್ಲ. ರಾಜ್ಯಲಕ್ಷ್ಮಿ ಅವನ ಬಾಡಿಗೆ ಮನೆ ಹುಡುಕಿಕೊಂಡು ಹೋದರು. ಆತ ನೆಲದ ಮೇಲೆ ತೆವಳಿಕೊಂಡು ಬಂದು ಬಾಗಿಲು ತೆಗೆದ. ಹೊಚ್ಚಹೊಸ ಕಾಲು ಮಂಚದ ಕೆಳಗೆ ಧೂಳು ತಿನ್ನುತ್ತಿತ್ತು.

“ನಡೆದ್ರೆ ಪೆನ್ಷನ್ ಹೋಗುತ್ತಂತಲ್ಲ ಅಕ್ಕಾ. ಯಾರಾದ್ರೂ ನೋಡಿಬಿಟ್ರೆ?”

“ಆವತ್ತು ಬಂದ ಸಿಟ್ಟು ನನಗ ವಿಜಯವಾಡದಾಗೂ ಬಂದಿದ್ದಿಲ್ಲರಿ,” ಎನ್ನುತ್ತಾರೆ. “ಗಟ್ಟಿಮುಟ್ಟಿ ಗಂಡಸು, ಹೆದರಿ ತೆವಳಾಕತ್ತಿದ್ದ. ನಿಲ್ಲಬ್ಯಾಡ, ಕುಂತ್ಕೊಂಡ ಇರು, ಹಂಗಿದ್ರನ ಅನ್ನ ಹಾಕ್ತೀವಿ ಅಂದಂಗಾತಲ್ಲ ಇದು?” ಮಂಚದಡಿಯಿಂದ ಕಾಲನ್ನು ಎಳೆದು ಅವನ ಮುಂದೆ ಎಸೆದರಂತೆ. ‘ಕಟ್ಟಿಕೋ. ನಿನ್ನ ಪೆನ್ಷನ್ ಹೋದರೆ ನಿನ್ನ ಜೊತೆ ನಾನೂ ವಿಜಯವಾಡಕ್ಕೆ ಬರುತ್ತೇನೆ’ ಎಂದರಂತೆ. ಮರುದಿನ ಆತ ಬಂದ. ಅವನ ಹಿಂದೆ ಉಳಿದವರೂ ಬಂದರು.

ಮಳೆಗಾಲದಲ್ಲಿ ರಾಜ್ಯಲಕ್ಷ್ಮಿಯವರ ಪೆನ್ಷನ್ ಮರಳಿ ಶುರುವಾಯಿತು. ಮತ್ತೆ ಯಾಕೆ ಕೊಟ್ಟರೆಂದಾಗಲಿ, ತಪ್ಪಾಯಿತೆಂದಾಗಲಿ ಯಾರೂ ಹೇಳಲಿಲ್ಲ. ವರ್ಷಕ್ಕೊಮ್ಮೆ ತಪಾಸಣೆಗೆ ಬರಬೇಕೆಂದು ಮಾತ್ರ ಹೇಳಿದರು, ಕತ್ತರಿಸಿದ ಕಾಲು ಮತ್ತೆ ಚಿಗುರಿದರೆ ಎಂಬ ಗುಮಾನಿಯಿರಬೇಕು.

ಬಿಸಿಲು ಏರುತ್ತಿದೆ. ಮಣಿಕಂಠ ಕೊನೆಗೂ ಗೋಡೆ ಬಿಟ್ಟು, ಹಾಸಿಗೆಯ ಮೇಲೆ ಬಿದ್ದು, ಬೈದುಕೊಳ್ಳುತ್ತ ಏಳುತ್ತಿದ್ದಾನೆ. ಕಟ್ಟೆಯ ಮೇಲೆ ಕುಳಿತು ಕಾಲಿನ ಪಟ್ಟಿ ಸಡಿಲಿಸುತ್ತಿರುವ ರಾಜ್ಯಲಕ್ಷ್ಮಿಯವರನ್ನು, ನಿಮಗೇನು ಆಸೆಯಿದೆ ಎಂದು ಕೇಳಿದರೆ ಪಟ್ಟಿಯಿಂದ ಕಣ್ಣೆತ್ತದೆಯೇ ಹೇಳುತ್ತಾರೆ.

“ದಿನಕ್ಕ ಎರಡೇ ತಾಸಿನ ಕೆಲಸ, ಎರಡೇ ತಾಸಿನ ಪಗಾರ. ಅಂಥ ನೌಕರಿ ನಿಮ್ಮ ಕಡೆ ಎಲ್ಲೆರ ಇದ್ರ ತಿಳಸ್ರಿ. ಈ ಸರಕಾರದವರ ಪೆನ್ಷನ್ ನಾನೇ ಹೋಗಿ, ಮೆಟ್ಲ ಹತ್ತಿ, ವಾಪಸ್ ಕೊಟ್ಟು ಬರ್ತೀನಿ.”