ಅಕ್ಕ ಲ್ಯಾಮಿನೇಷನ್ ಮಾಡಿಸಿದ ಕಾಗದಗಳು

ಬಿಸಿ ಪ್ಲಾಸ್ಟಿಕ್ಕಿನ ವಾಸನೆಯನ್ನು ನೀವು ಎಂದಾದರೂ ಗಮನಿಸಿದ್ದೀರೋ ಇಲ್ಲವೋ. ಇವತ್ತು ಬೆಳಿಗ್ಗೆ ಚಂದ್ರಾ ಲೇಔಟಿನ ಜೆರಾಕ್ಸ್ ಅಂಗಡಿಯ ಮುಂದೆ ಅದು ಮೂಗಿಗೆ ಬಡಿಯಿತು, ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಪಕ್ಕದ ದರ್ಶಿನಿಗೆ ಹೋಗಿ ಕಾಫಿಗೆ ಟೋಕನ್ ತೆಗೆದುಕೊಂಡೆ, ಕಾಫಿ ಕುಡಿಯದೆ ವಾಪಸು ಬಂದೆ. ಅಕ್ಕ ತೀರಿಕೊಂಡ ಮೇಲೆ ನನ್ನದು ಹೀಗೇ ಆಗಿದೆ. ಟಿವಿ ಹಾಕುತ್ತೇನೆ, ಆರಿಸುತ್ತೇನೆ. ಹೊರಟವನು ಗೇಟಿನ ಹತ್ತಿರ ನಿಂತು ಎಲ್ಲಿಗೆ ಹೊರಟೆ ಎಂದು ಯೋಚಿಸುತ್ತೇನೆ.

ಇವತ್ತು ಮಾತ್ರ ಕೆಲಸವಿತ್ತು. ಅಕ್ಕನ ಹೇರೋಹಳ್ಳಿ ಸೈಟಿನ ಕ್ರಯಪತ್ರವನ್ನು ಅವಳು ಲ್ಯಾಮಿನೇಷನ್ ಮಾಡಿಸಿಟ್ಟಿದ್ದಳು. ಆ ಪ್ಲಾಸ್ಟಿಕ್ಕನ್ನು ಕೀಳಿಸಲು ಬಂದಿದ್ದೆ.

ರಿಯಲ್ ಎಸ್ಟೇಟ್ ಎಂದರೆ ನಿಮ್ಮ ಕಣ್ಣಿಗೆ ಬಿಳಿ ಶರ್ಟು, ಚಿನ್ನದ ಸರ, ದೊಡ್ಡ ಕಾರು ಬರಬಹುದು. ನಮ್ಮಕ್ಕ ಕುತ್ತಿಗೆಗೆ ಅಳತೆ ಟೇಪು ಹಾಕಿಕೊಂಡು ಬ್ಲೌಸ್ ಹೊಲಿಯುತ್ತಿದ್ದವಳು. ಹೊಲಿದು ಹೊಲಿದೇ ಮೂಡಲಪಾಳ್ಯದಲ್ಲಿ ಬಾಡಿಗೆಗೆ ಕೊಡಲು ಒಂದು ಮನೆ, ಹೇರೋಹಳ್ಳಿಯಲ್ಲಿ ಒಂದು ಸೈಟು ಮಾಡಿದ್ದಳು. ಮದುವೆಯಾಗಿರಲಿಲ್ಲ. ಯಾರಾದರೂ ಆ ಮಾತು ತೆಗೆದರೆ, ಬಾಡಿಗೆದಾರರನ್ನು ಸಂಭಾಳಿಸೋದೇ ಸಾಕಾಗಿದೆ ಅನ್ನುತ್ತಿದ್ದಳು.

ನಮ್ಮಪ್ಪನ ಜಮೀನಿನ ಪತ್ರಗಳನ್ನು ಟ್ರಂಕಿನಲ್ಲೇ ಗೆದ್ದಲು ತಿಂದು ಹಾಕಿತ್ತು. ಜಮೀನು ಚಿಕ್ಕಪ್ಪನ ಪಾಲಾಯಿತು. ಅದಾದ ಮೇಲೆ ಅಕ್ಕ ಬರಿಯ ಕಾಗದವನ್ನು ನಂಬಲಿಲ್ಲ. ಕ್ರಯಪತ್ರ, ಕಂದಾಯದ ರಸೀದಿ, ಕರೆಂಟ್ ಬಿಲ್ಲು, ಬಾಡಿಗೆ ಕರಾರು ಎಲ್ಲದರ ಮೂಲೆಗೂ ಅರಿಶಿನ ಹಚ್ಚುವಳು, ಆಮೇಲೆ ಪ್ಲಾಸ್ಟಿಕ್ ಹೊದಿಸುವಳು. ಮೂಡಲಪಾಳ್ಯದ ಬಾಡಿಗೆಯವರು ನನ್ನ ಹತ್ತಿರ, ನಿಮ್ಮಕ್ಕನ ಮುಂದೆ ತುಂಬ ಹೊತ್ತು ಅಲ್ಲಾಡದೆ ಕೂರೋಕೆ ಭಯ ಆಗುತ್ತೆ ಸಾರ್ ಎಂದು ನಗುತ್ತಿದ್ದರು.

ಯುಗಾದಿಗೆ ಮೊದಲು ನಮ್ಮ ಮನೆಯಲ್ಲಿ ಆಡಿಟ್. ಹಾಗಂತ ಅಕ್ಕನೇ ಕರೆಯುತ್ತಿದ್ದಳು. ಆಡಿಟರ್ ಹತ್ತಿರ ಹೋಗುವ ಮುಂಚೆ ಕಾಗದಗಳನ್ನೆಲ್ಲ ನೆಲದ ಮೇಲೆ ಹರಡುವಳು. ಹಾರಿಹೋಗುತ್ತವೆಂದು ಆ ಸೆಕೆಯಲ್ಲೂ ಫ್ಯಾನು ಹಾಕಬಾರದು. ಪ್ಲಾಸ್ಟಿಕ್ ಹೊದ್ದ ಕಾಗದ ಎಲ್ಲಿಗೆ ಹಾರುತ್ತದೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಅವಳು ಒಂದೊಂದರ ಹೆಸರು ಕೂಗುವಳು, ನಾನು ಬೆವರೊರೆಸಿಕೊಳ್ಳುತ್ತ ಹುಡುಕಿ ಕೊಡುವೆ. ಬಾಡಿಗೆ ಒಂದು ಕಡೆ, ರಿಪೇರಿ ಖರ್ಚು ಒಂದು ಕಡೆ, ಕಂದಾಯ ಒಂದು ಕಡೆ. ಮಧ್ಯದಲ್ಲಿ ನಾನು ಎದ್ದರೆ, "ಕೂತ್ಕೊಳೋ, ಮೇಲೆ ಕಾಲಿಟ್ಬಿಡ್ತೀಯ" ಅನ್ನುವಳು.

ಅಸಲು ಪತ್ರಕ್ಕೆ ಲ್ಯಾಮಿನೇಷನ್ ಮಾಡಿಸಬಾರದು ಎಂಬುದು ನಮಗೆ ಗೊತ್ತಾದದ್ದು ಆಡಿಟರಿಂದ. ಆಕೆ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕ್ರಯಪತ್ರವನ್ನು ತಿರುಗಿಸಿ ನೋಡಿ ತಲೆ ಮೇಲೆ ಕೈ ಇಟ್ಟುಕೊಂಡರು.

"ಏನ್ ಆಂಟಿ ಇದು? ಇದರ ಮೇಲೆ ಇನ್ಯಾರೂ ಒಂದು ಸೀಲೂ ಒತ್ತೋಕಾಗಲ್ಲ."

"ಅದಕ್ಕೇ ಮಾಡ್ಸಿರೋದು ಕಣಮ್ಮ," ಅಂದಳು ಅಕ್ಕ. "ಇನ್ಯಾರೂ ಏನೂ ಒತ್ಬಾರ್ದು."

ಅಕ್ಕ ಹೋದ ಮೇಲೆ ಉಯಿಲಿನ ಪ್ರಕಾರ ಮನೆ, ಸೈಟು ಎರಡೂ ನನಗೆ ಬಂದವು. ಖಾತೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ ಎಂದು ಆಡಿಟರ್ ಹೇಳುತ್ತಲೇ ಇದ್ದರು. ಅರ್ಜಿಯ ಜೊತೆ ಅಕ್ಕನ ಮರಣ ಪ್ರಮಾಣಪತ್ರ ಇಡಬೇಕು. ನಾನು ದಿನ ತಳ್ಳುತ್ತಿದ್ದೆ. ಫೋನಿನಲ್ಲಿ ಯಾರಾದರೂ ವಿಚಾರಿಸಿದರೆ "ಅಕ್ಕನ ಸೈಟು" ಎಂದೇ ಅನ್ನುತ್ತಿದ್ದೆ, ಅವಳು ಒಳಗೆಲ್ಲೋ ಮಲಗಿದ್ದಾಳೆ ಎಂಬಂತೆ. ಕೊನೆಗೆ ಆ ಸೈಟನ್ನೇ ಮಾರಿಬಿಟ್ಟರೆ ಈ ತಳಮಳ ನಿಲ್ಲಬಹುದು ಅನ್ನಿಸಿತು. ಮಾರಲೂ ಖಾತೆ ಬೇಕೇ ಬೇಕು ಎಂದರು ಆಡಿಟರ್. ಒಬ್ಬ ಗಿರಾಕಿ ಸಿಕ್ಕಿದ. ಅವನ ವಕೀಲರು, ಪತ್ರ ಕೈಯಲ್ಲಿ ಮುಟ್ಟಿ ನೋಡದೆ ಒಪ್ಪುವುದಿಲ್ಲ, ಪ್ಲಾಸ್ಟಿಕ್ ತೆಗೆಸಿ ತನ್ನಿ ಎಂದರು.

ಅದಕ್ಕೇ ಇವತ್ತು ಅಂಗಡಿಗೆ ಬಂದದ್ದು. ಅಂಗಡಿಯವನು ಮೊದಲು ನಾನು ಜೊತೆಗೆ ತಂದಿದ್ದ ಅಕ್ಕನ ಒಂದು ಹಳೆಯ ರಸೀದಿಯ ಮೇಲೆ ನೋಡೋಣ ಎಂದು ಇಸ್ತ್ರಿಪೆಟ್ಟಿಗೆಯಿಂದ ಬಿಸಿ ಮಾಡಿ ಮೆಲ್ಲಗೆ ಬಿಡಿಸಿದ. ಪ್ಲಾಸ್ಟಿಕ್ ಬಂತು, ಅದರ ಜೊತೆ ಅಕ್ಷರಗಳೂ ಬಂದವು. ಕೆಳಗೆ ಉಳಿದದ್ದು ಖಾಲಿ ಕಾಗದ. ಅಕ್ಕನ ಹೆಸರು ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಬೆಳಕಿನಲ್ಲಿ ತೇಲುತ್ತಿತ್ತು.

"ಸಾರ್, ಕ್ರಯಪತ್ರಾನೂ ಮಾಡ್ಲಾ?"

ನಾನು ಪತ್ರವನ್ನು ಅವನ ಕೈಯಿಂದ ಕಿತ್ತುಕೊಂಡೇಬಿಟ್ಟೆ. ಪಾಪ, ಅವನು ಗಾಬರಿಯಾದ. ಆಡಿಟರಿಗೆ ಫೋನ್ ಮಾಡಿದೆ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ದೃಢೀಕೃತ ನಕಲು ಸಿಗುತ್ತದೆ, ಅಸಲನ್ನು ಹಾಗೇ ಬಿಡಿ ಎಂದರು. ಗಿರಾಕಿಗೂ ಫೋನ್ ಮಾಡಿ ಹೇಳಿದೆ, ಅವನಿಗೆ ಅದು ಸಾಲಲಿಲ್ಲ. ಬೇಡ ಎಂದ. ಬೇಸರವಾಗಬೇಕಿತ್ತು, ಆಗಲಿಲ್ಲ.

ಅಲ್ಲಿಂದ ಸ್ಕೂಟರ್ ತಾನಾಗಿಯೇ ಹೋಯಿತೆಂಬಂತೆ ಹೇರೋಹಳ್ಳಿಗೆ ಹೋದೆ. ಅಕ್ಕ ಹೋದ ಮೇಲೆ ಅತ್ತ ಹೋಗಿರಲಿಲ್ಲ. ರಸ್ತೆ ತುಂಬ ಹಳ್ಳ. ಸೈಟಿನ ಮೂಲೆಯ ಕಲ್ಲುಕಂಬದಿಂದ ಪಕ್ಕದ ಮನೆಯ ಕಿಟಕಿಗೆ ಹಗ್ಗ ಕಟ್ಟಿ ಬಟ್ಟೆ ಒಣಹಾಕಿದ್ದರು. ಒಳಗಿನಿಂದ ಉತ್ತರ ಕರ್ನಾಟಕದ ಕಡೆಯ ಹೆಂಗಸೊಬ್ಬರು ಬಂದರು.

"ಬ್ರೋಕರ್ ಏನ್ರಿ?"

"ಅಲ್ಲಮ್ಮ."

"ಈ ಜಾಗಾ ಟೇಲರ್ ಅಕ್ಕಾರದ್ರಿ. ಅವರಿಲ್ದಾಗ ಯಾರಿಗೂ ಅಳೀಲಿಕ್ಕೆ ಬಿಡಬ್ಯಾಡ ಅಂತ ಹೇಳ್ಯಾರ."

"ನಾನು ಅವರ ತಮ್ಮ," ಅಂದೆ. "ಅಕ್ಕ ತೀರ್ಕೊಂಡ್ರು. ಈಗ ಇದು ನಂದು."

ಆಕೆ ಸೆರಗನ್ನು ಬಾಯಿಗೆ ಹಿಡಿದುಕೊಂಡರು. ಆಮೇಲೆ ಹಗ್ಗದ ಕಡೆ ನೋಡಿದರು. "ಅವರನ್ನ ಕೇಳೇ ಕಟ್ಟಿದ್ದೆರಿ. ಬಾಯಿಮಾತಿನ್ಯಾಗ. ಇನ್ನ ನಿಮ್ಮನ್ನ ಕೇಳ್ಬೇಕಲ್ರಿ. ಬಿಚ್ಲೇನು?"

ಕರೆಂಟ್ ಬಿಲ್ಲಿಗೂ ಪ್ಲಾಸ್ಟಿಕ್ ಹೊದಿಸುತ್ತಿದ್ದ ಅಕ್ಕ ಇದಕ್ಕೆ ಒಂದು ಚೀಟಿಯನ್ನೂ ಬರೆಸಿಕೊಂಡಿರಲಿಲ್ಲ. ನನಗೆ ಹೇಳಿರಲೂ ಇಲ್ಲ.

"ಇರ್ಲಿ ಬಿಡಮ್ಮ," ಅಂದೆ. "ಮುಂಚೆ ಹೆಂಗಿತ್ತೋ ಹಂಗೇ ಇರ್ಲಿ."

ಆಕೆ ಒಳಗಿನಿಂದ ಇನ್ನೊಂದು ಬಕೆಟ್ ಬಟ್ಟೆ ತಂದು ಒಣಹಾಕತೊಡಗಿದರು. ಹಗ್ಗ ಜಗ್ಗಿ ಕಂಬ ಸ್ವಲ್ಪ ವಾಲಿದಂತೆ ಕಂಡಿತು. ಹೋಗಿ ಕೈಯಿಂದ ಅಲುಗಾಡಿಸಿ ನೋಡಿದೆ. ಗಟ್ಟಿಯಾಗಿತ್ತು.