ಕೂಸಿಗೆ ನೀರೆರೆಯುವ ಸುಂದ್ರಮ್ಮ ಮತ್ತು ಒಂದು ಸುಳ್ಳು ಬ್ಯಾನರ್

ಕಕ್ಕೇರಾದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬಾಣಂತಿ ಮನೆಯೊಂದರ ಬಚ್ಚಲಲ್ಲಿ ಸುಂದ್ರಮ್ಮ ಮಣೆಯ ಮೇಲೆ ಕಾಲು ಚಾಚಿ ಕೂತಿದ್ದಾರೆ. ಕಾಲ ಮೇಲೆ ಬೋರಲಾಗಿ ಮಲಗಿದ ಕೂಸು ಬಿಸಿನೀರು ಬಿದ್ದೊಡನೆ ಕಿರುಚುತ್ತದೆ, ಬೆನ್ನಿಗೆ ಅವರ ಅಂಗೈ ತಾಗಿದೊಡನೆ ಸುಮ್ಮನಾಗುತ್ತದೆ. ಕೂಸನ್ನು ಒರೆಸಿ ಅಜ್ಜಿಯ ಕೈಗೆ ಕೊಟ್ಟಾಯಿತು. ಈಗ ಸುಂದ್ರಮ್ಮ ಏಳಬೇಕು. ಗೋಡೆ ಹಿಡಿದು, ಹಲ್ಲು ಕಚ್ಚಿ ಏಳುತ್ತಾರೆ. "ಕುಂತರ ಏಳಾಕ ಆಗವಲ್ದ್ರಿ, ಎದ್ದರ ಕುಂದ್ರಾಕ ಆಗವಲ್ದು" ಎನ್ನುತ್ತ ಮುಂದಿನ ಮನೆಯ ದಾರಿ ಹಿಡಿಯುತ್ತಾರೆ.

ಇದು ಅತ್ತೆಯಿಂದ ಬಂದ ಕೆಲಸ. ಗಂಡ ತೀರಿಕೊಂಡ ಮೇಲೆ ಹೊಟ್ಟೆ ಹೊರೆದದ್ದೂ ಇದೇ. ದಿನಕ್ಕೆ ನಾಲ್ಕೈದು ಮನೆ. ಹಿಂದೆ ತಾವು ಎರೆದ ಹೆಣ್ಣುಕೂಸುಗಳ ಕೂಸುಗಳಿಗೂ ಈಗ ಎರೆಯುತ್ತಾರೆ. ಸಿಗುವುದು ಒಂದಿಷ್ಟು ಜೋಳ, ಒಂದು ಸೀರೆ, ಕೊಟ್ಟಷ್ಟು ರೊಕ್ಕ. ಕೂತೆದ್ದು ಕೂತೆದ್ದು ಮೊಣಕಾಲ ಕೀಲಿನ ಮೆತ್ತೆ ಸವೆದಿದೆ. ವ್ಯಾಯಾಮ ಮಾಡು, ಕೊನೆಗೆ ಆಪರೇಷನ್ ಬೇಕಾಗಬಹುದು ಎಂದು ಸರಕಾರಿ ವೈದ್ಯರು ಹೇಳಿದ್ದರು. ಆಪರೇಷನ್ ಅಂದರೆ ಸುಂದ್ರಮ್ಮನಿಗೆ ಭಯ.

ಆ ಭಯವನ್ನೇ ಬಂಡವಾಳ ಮಾಡಿಕೊಂಡದ್ದು ಶಹಾಪುರದ ಒಂದು ಖಾಸಗಿ ಕ್ಲಿನಿಕ್. ಕೊಯ್ಯುವುದಿಲ್ಲ, ಸ್ಟೆಮ್ ಸೆಲ್ ಎಂಬ ಮೂಲ ಜೀವಕೋಶಗಳ ಸೂಜಿ ಹಾಕುತ್ತೇವೆ, ಸವೆದ ಕೀಲು ಹೊಸದಾಗಿ ಬೆಳೆಯುತ್ತದೆ ಎಂದು ಊರಲ್ಲಿ ಶಿಬಿರ ನಡೆಸಿದರು. ಎಲ್ಲರಿಗೂ ಬೇಕಾದ ಹೆಣ್ಣುಮಗಳೆಂದು ಸುಂದ್ರಮ್ಮನಿಗೆ ಪುಕ್ಕಟೆ ಹಾಕಿದರು. ಮರುದಿನ ನೋವು ಇಳಿದಿತ್ತು. ನಡೆಸಿ, ನಗಿಸಿ ಫೋಟೊ ಹೊಡೆದುಕೊಂಡರು. ತಿಂಗಳೊಳಗೆ ನೋವು ಮರಳಿತು, ಮೊಣಕಾಲು ಬಾತಿತು. ಫೋಟೊ ಮಾತ್ರ 'ಆಪರೇಷನ್ ಇಲ್ಲದೆ ಗುಣವಾದೆ' ಎಂಬ ಅಕ್ಷರಗಳ ಜೊತೆ ಸುರಪುರದ ಬಸ್ ನಿಲ್ದಾಣದೆದುರಿನ ಬ್ಯಾನರಿನಲ್ಲಿ ಇಂದಿಗೂ ನಗುತ್ತಿದೆ.

ಓದು ಬಾರದ, ಸುರಪುರಕ್ಕೆ ಅಪರೂಪಕ್ಕೆ ಹೋಗುವ ಸುಂದ್ರಮ್ಮನಿಗೆ ಇದು ಗೊತ್ತೇ ಇರಲಿಲ್ಲ. ಗೊತ್ತಾದದ್ದು ಕುರಿ ಸಾಕುವ ರೇಣಮ್ಮನಿಂದ. ಅವರು ಮರಿ ಹಾಕುವ ಕುರಿಗಳನ್ನು ಮಾರಿ ಅದೇ ಸೂಜಿ ಹಾಕಿಸಿಕೊಂಡಿದ್ದರು, ಈಗಲೂ ಕುಂಟುತ್ತಿದ್ದಾರೆ. ಮೊಮ್ಮಗನಿಗೆ ಎರೆಯಲು ಬಂದ ಸುಂದ್ರಮ್ಮನನ್ನು ಅವರು ಬೈಯಲಿಲ್ಲ. "ಬ್ಯಾನರಿನಾಗ ನಿನ್ನ ನಗೋ ಮಾರಿ ನೋಡಿ ಹೋಗಿದ್ದೆ ಸುಂದ್ರವ್ವ" ಅಂದರು, ಅಷ್ಟೆ. ಅಂದು ಸುಂದ್ರಮ್ಮ ಉಣ್ಣಲಿಲ್ಲ.

ಸ್ಟೆಮ್ ಸೆಲ್ ಕುರಿತ ಸಂಶೋಧನೆ ಇನ್ನೂ ನಡೆಯುತ್ತಿದೆ, ಸವೆದ ಕೀಲು ಮರಳಿ ಬೆಳೆಯುತ್ತದೆಂದು ಸಾಬೀತಾಗಿಲ್ಲ ಎಂದು ಸರಕಾರಿ ವೈದ್ಯರು ಹೇಳುತ್ತಾರೆ. ಸಂಶೋಧನೆ ನಡೆಯಲಿ, ಬೇಡ ಅಂದವರು ಯಾರು? ಆದರೆ ಸಾಬೀತಾಗದ್ದನ್ನು ಗ್ಯಾರಂಟಿ ಎಂದು ಬಡವರಿಗೆ ಮಾರಲು ಈ ಕ್ಲಿನಿಕ್ಕಿನವರಿಗೆ ಯಾರು ಹೇಳಿದರು? ಒಂದು ಮಾತೂ ಕೇಳದೆ ಒಬ್ಬ ಹೆಣ್ಣುಮಗಳ ಮುಖವನ್ನು ಬೀದಿಯಲ್ಲಿ ತೂಗುಹಾಕಲು ನಾಚಿಕೆಯಾದರೂ ಬೇಡವೆ?

ಬ್ಯಾನರ್ ಇಳಿಸಿರೆಂದು ಕೇಳಲು ಸುಂದ್ರಮ್ಮ ಬಸ್ಸು ಹತ್ತಿ ಶಹಾಪುರದ ಆ ಕ್ಲಿನಿಕ್ಕಿಗೆ ಹೋದರು. ಇನ್ನೊಂದು ಸೂಜಿ ಪುಕ್ಕಟೆ ಹಾಕುತ್ತೇವೆ, ಬಾಯಿ ಮುಚ್ಚಿಕೊಂಡಿರು ಎಂದರಂತೆ. ಒಲ್ಲೆ ಅಂದು ಎದ್ದು ಬಂದರು. ಅಂದಿನಿಂದ ಎರೆದ ಪ್ರತಿ ಮನೆಯಲ್ಲೂ ಸೀರೆ ಮೇಲೆತ್ತಿ ಬಾತ ಮೊಣಕಾಲು ತೋರಿಸಿಯೇ ಹೊರಡುತ್ತಾರೆ. ಪುಕ್ಕಟೆ ತಗೊಂಡು ಈಗ ಹೆಸರು ಕೆಡಿಸುತ್ತಾಳೆ ಎನ್ನುವವರೂ ಇದ್ದಾರೆ. ಅವರ ಮನೆಗೂ ತಪ್ಪದೆ ಹೋಗುತ್ತಾರೆ.

ಪರಿಹಾರ ಕೇಳಬಾರದೆ ಅಂದರೆ ಬೇಡವೆಂದು ತಲೆ ಅಲ್ಲಾಡಿಸಿ, ತಮ್ಮ ಮುಖ ಮುಟ್ಟಿ ತೋರಿಸುತ್ತಾರೆ.

"ರೊಕ್ಕ ಬ್ಯಾಡ್ರಿ ನನಗ. ಈ ಊರಾಗ ಎಷ್ಟೋ ಕೂಸು ಕಣ್ಣು ಬಿಟ್ಟು ಮೊದಲ ನಂಬಿದ್ದು ಈ ಮಾರೀನ್ರಿ. ಅದನ್ನ ಕೆಳಗ ಇಳಿಸಿ ನನ್ನ ಕೈಯಾಗ ಕೊಡಾಕ ಹೇಳ್ರಿ."