ಕುಂತೇ ಹೋದ ಅಂದ ಮಾವ

ಮೊನ್ನೆ ಅವ್ವನಿಗೆಂದು ಹೊನ್ನಾಳಿಯಿಂದ ಒಂದು ಬೀರು ತರಿಸಿದೆ. ಕಬ್ಬಿಣದ್ದಲ್ಲ, ಪ್ಲೈವುಡ್‌ದು. ಇಳಿಸಿದವರು ಬಾಗಿಲು ತೆರೆದು ತೋರಿಸಿದಾಗ ಒಳಗಿನಿಂದ ಹೊಸ ಹಲಗೆಯ, ಅಂಟಿನ ವಾಸನೆ ಬಂತು. ಸೆರಗನ್ನು ಮೂಗಿಗೆ ಹಿಡಿದು ಹೊರಗೆ ಬಂದುಬಿಟ್ಟೆ. ಎರಡು ದಿನ ಬಾಗಿಲು ತೆಗೆದಿಡಿ, ಹೋಗುತ್ತದೆ ಎಂದರು. ಅದು ಹೋಗುವ ವಾಸನೆಯಲ್ಲ... ನನ್ನ ತಮ್ಮ ಮಸ್ಕತ್ತಿನಿಂದ ಊರಿಗೆ ಬಂದದ್ದು ಇದೇ ವಾಸನೆಯ ಪೆಟ್ಟಿಗೆಯಲ್ಲಿ. ಆ ಪೆಟ್ಟಿಗೆಯ ನೆನಪಾದಾಗೆಲ್ಲ ತಮ್ಮನಿಗಿಂತ ಮೊದಲು ಮಾವ ಕಣ್ಣ ಮುಂದೆ ಬಂದು ನಿಲ್ಲುತ್ತಾರೆ. ಅದಕ್ಕೂ ನನಗೆ ಅವರ ಮೇಲೆ ಸಿಟ್ಟು.

ಮಾವ ಎಂದರೆ ಅವ್ವನ ಅಣ್ಣ, ಬಸವಾಪಟ್ಟಣದವರು. ದಪ್ಪ ದನಿ, ಹೆಗಲ ಮೇಲೆ ಟವೆಲು. ಯಾರ ಮನೆಗೆ ಹೋದರೂ ಚಪ್ಪಲಿ ಬಿಡುವ ಮೊದಲೇ ಒಂದು ತಪ್ಪು ಹುಡುಕುವವರು. ತಮ್ಮ ಮಗಳನ್ನು ನನ್ನ ತಮ್ಮನಿಗೇ ಕೊಡಬೇಕೆಂದು ಅವಳು ತೊಟ್ಟಿಲಲ್ಲಿದ್ದಾಗಲೇ ತೀರ್ಮಾನಿಸಿದ್ದರು. ಅವನು ಒಲ್ಲೆ ಎಂದ. ನೀರಿನ ಟ್ಯಾಂಕರ್ ಓಡಿಸುವ ಕೆಲಸ ಹಿಡಿದು ಮಸ್ಕತ್ತಿಗೆ ಹೋದ. ಅಂದಿನಿಂದ ಮಾವ ನಮ್ಮ ಮನೆಯ ನೀರು ಮುಟ್ಟಲಿಲ್ಲ. ಸಂತೆಯಲ್ಲಿ ಸಿಕ್ಕರೆ ನನ್ನನ್ನು ನಾಲ್ಕು ಜನರ ನಡುವೆ ನಿಲ್ಲಿಸಿ, "ಎಲ್ಲದಾನವ್ವಾ ನಿಮ್ಮ ಶೇಖ್ ಸಾಹೇಬ? ಒಂಟೆ ಮೇಯ್ಸಾಕೆ ಹೋಗ್ಯಾನಂತಲ್ಲ" ಎನ್ನುತ್ತಿದ್ದರು.

ತಮ್ಮ ಒಂದು ಬೆಳಿಗ್ಗೆ ಏಳಲೇ ಇಲ್ಲ ಎಂದು ಅವನ ರೂಮಿನವನು ಫೋನು ಮಾಡಿದ. ಮಲಗಿದಲ್ಲೇ ಎದೆ ನಿಂತಿತ್ತಂತೆ. ಅಲ್ಲಿಯ ಪೊಲೀಸರು, ಆಸ್ಪತ್ರೆ, ಕಂಪನಿ ಎಲ್ಲ ಮುಗಿದು ದೇಹ ಹೊರಡಲು ಬಹಳ ದಿನ ಹಿಡಿಯಿತು. ಸುದ್ದಿ ತಿಳಿದ ದಿನವೇ ಮಾವ ನ್ಯಾಮತಿ ಹತ್ತಿರದ ನಮ್ಮ ಊರಿಗೆ ಬೈಕಿನಲ್ಲಿ ಬಂದಿದ್ದರು. ಸಮಾಧಾನ ಹೇಳಲಿಲ್ಲ. ಅಂಗಳದಲ್ಲಿ ನಿಂತು, "ಇಲ್ಲೇ ಇದ್ದಿದ್ರೆ ನನ್ನ ಅಳಿಯ ಆಗಿರ್ತಿದ್ದ. ಈಗ ಪೆಟ್ಟಿಗ್ಯಾಗೆ ಬರ್ತಾನೆ" ಎಂದರು. ಅಪ್ಪ ಮೊದಲೇ ತೀರಿಕೊಂಡಿದ್ದರು. ಯಾರನ್ನೂ ಕೇಳದೆ ಮಾವ ಯಜಮಾನಿಕೆ ಹಿಡಿದರು.

ನಮ್ಮಲ್ಲಿ ಸತ್ತವರನ್ನು ಮಲಗಿಸಿ ಹೂಳುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಅಂಗೈಯಲ್ಲಿ ಇಷ್ಟಲಿಂಗ ಇಟ್ಟು, ಪೂಜೆಗೆ ಕೂತವರ ಹಾಗೆ ಕೂರಿಸುತ್ತೇವೆ. ಗುಣಿಯೂ ಅದಕ್ಕೆ ತಕ್ಕಂತೆ ಚೌಕ, ಆಳ. ಆ ದಿನಗಳಲ್ಲಿ ಅವ್ವ ಕೇಳುತ್ತಿದ್ದದ್ದು ಎರಡೇ. ಮಗನ ಮುಖ ನೋಡಬೇಕು. ಅವನು ಅಪ್ಪನ ಪಕ್ಕದಲ್ಲಿ, ಅಪ್ಪನ ಹಾಗೆಯೇ ಕೂರಬೇಕು.

ಬೆಂಗಳೂರಿನಿಂದ ಹೊರಟ ಆಂಬುಲೆನ್ಸ್‌ನವನು ದಾರಿಯಿಂದ ಫೋನು ಮಾಡಿ, ಪೆಟ್ಟಿಗೆ ಆಳುದ್ದ ಇದೆ, ದೇಹ ಸೆಟೆದುಕೊಂಡಿರುತ್ತದೆ, ಉದ್ದ ಗುಂಡಿ ತೆಗೆಸಿ ಎಂದ. ಮಾವನಿಗೆ ಹೇಳಿದೆ.

"ನಮ್ಮೋರನ್ನ ಮಣ್ಣು ಮಾಡೋದು ಹೆಂಗೆ ಅಂತ ಆ ಡ್ರೈವರ್ ಹೇಳಿಕೊಡ್ತಾನೇನು? ನೀನು ಎಸ್ಸೆಸ್ಸೆಲ್ಸಿ ಪಾಸಾಗಿದ್ದು ಸಾಕು, ಒಳಗೆ ಹೋಗಿ ನಿಮ್ಮವ್ವನ್ನ ಹಿಡ್ಕ" ಎಂದರು. ಹೊಲದಲ್ಲಿ ಗುಣಿ ಚೌಕವಾಗಿಯೇ ಸಿದ್ಧವಾಯಿತು.

ಮಧ್ಯಾಹ್ನ ಗಾಡಿ ಬಂತು. ಅವ್ವ ಓಡಿಹೋಗಿ ಬಾಗಿಲು ಹಿಡಿದಳು. ಮಾವ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಸುತ್ತಿಗೆ ತೆಗೆದುಕೊಂಡು ತಾವೊಬ್ಬರೇ ಒಳಗೆ ಹತ್ತಿ ಬಾಗಿಲು ಎಳೆದುಕೊಂಡರು. ಹಲಗೆ ಕಿರುಗುಟ್ಟಿದ್ದು ಕೇಳಿಸಿತು. ಆ ವಾಸನೆ ನನಗೆ ಮೊದಲು ಬಂದದ್ದು ಆಗಲೇ... ಹೊಸ ಹಲಗೆ, ಅಂಟು, ಅದರಡಿಯಲ್ಲಿ ಆಸ್ಪತ್ರೆಯಂಥ ಇನ್ನೇನೋ. ಆಮೇಲೆ ಮತ್ತೆ ಮೊಳೆ ಹೊಡೆಯುವ ಸದ್ದು.

ಇಳಿದು ಬಂದವರು ಟವೆಲಿನಿಂದ ಬಾಯಿ ಒರೆಸಿಕೊಂಡರು. "ಅವನೇ" ಎಂದರು. "ಮುಖ ಯಾರಿಗೂ ತೋರ್ಸಾಕೆ ಆಗಲ್ಲ."

"ಅಣ್ಣಾ, ನಿನ್ನ ಕಾಲಿಗೆ ಬೀಳ್ತೀನಿ. ಒಂದ್ ಸಲ ತೆಗಿ."

"ಬ್ಯಾಡ ಅಂದ್ರೆ ಬ್ಯಾಡ."

"ನಾನು ಹೆತ್ತೀನಿ ಅವನ್ನ!"

"ಹೆತ್ತಾಗ ನೋಡೀಯಲ್ಲ, ಸಾಕು."

ಹೀಗೆ ಹೇಳಿದರು. ಒಡಹುಟ್ಟಿದವಳಿಗೆ, ಮಗನ ಹೆಣದ ಮುಂದೆ. ನಾನು ಎದುರು ನಿಂತು, ತಡೆಯೋಕೆ ನೀವು ಯಾರು ಎಂದೆ. ಅವರಿಗೆ ನಾನು ಎದುರು ಮಾತಾಡಿದ್ದು ಅದೇ ಮೊದಲು.

"ಸೋದರಮಾವ. ಅವನು ಬದುಕಿದ್ದಾಗ ಬ್ಯಾಡಾಗಿದ್ದೆ, ಈಗ ಬೇಕಾಗೀನಿ. ಸರಿ ಅತ್ಲಾಗೆ."

ಊರಿನ ಗಂಡಸರು ನೆಲ ನೋಡಿದರು. ಪೆಟ್ಟಿಗೆ ಮನೆಯ ಹೊಸಿಲು ದಾಟಲೇ ಇಲ್ಲ. ಹೊಲದಲ್ಲಿ ತೆಗೆದು ಕೂರಿಸುತ್ತೇವೆ, ಹೆಂಗಸರು ಯಾರೂ ಬರಬೇಡಿ ಎಂದು ಹೇಳಿ ಮಾವ ಗಾಡಿ ಹೊರಡಿಸಿದರು.

ಗಾಡಿ ಹೋದ ಮೇಲೆ ಅವ್ವನಿಗೆ ಲಿಂಗದ ನೆನಪಾಯಿತು. ಪರದೇಶದಲ್ಲಿ ಕಳೆದುಹೋದರೆ ಎಂದು ತಮ್ಮ ತನ್ನ ಇಷ್ಟಲಿಂಗವನ್ನು ಅವಳ ಕೈಗೆ ಕೊಟ್ಟು ಹೋಗಿದ್ದ. ಬೆಳಿಗ್ಗೆಯಿಂದ ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಕೂತಿದ್ದವಳು ಆ ಗದ್ದಲದಲ್ಲಿ ಮರೆತಿದ್ದಳು. ಗಂಟು ಬಿಚ್ಚಿ ನನ್ನ ಅಂಗೈಗಿಟ್ಟು "ಓಡು" ಎಂದಳು.

ಓಡಿದೆ. ನಾನು ಮುಟ್ಟುವಷ್ಟರಲ್ಲಿ ಗುಣಿಯ ಒಂದು ಬದಿಯನ್ನು ಕಡಿದು ಉದ್ದ ಮಾಡುತ್ತಿದ್ದರು. ಮಾವನೇ ಅಂಗಿ ಬಿಚ್ಚಿ ಒಳಗಿಳಿದಿದ್ದರು. ಯಾರಾದರೂ ಗುದ್ದಲಿಗೆ ಕೈ ಹಾಕಿದರೆ ಅವರ ಅಪ್ಪ ಅಜ್ಜನನ್ನೆಲ್ಲ ಎಳೆದು ಬೈಯುತ್ತಿದ್ದರು. ಪೆಟ್ಟಿಗೆ ಬದುವಿನ ಮೇಲಿತ್ತು, ಮೊಳೆ ಹೊಡೆದಿದ್ದ ಹಾಗೆಯೇ. ತಮ್ಮನನ್ನು ಯಾರೂ ಕೂರಿಸುವುದಿಲ್ಲ ಎಂದು ನನಗೆ ಆಗ ತಿಳಿಯಿತು.

ಮಾವ ಮೇಲೆ ಬಂದು ನನ್ನ ಕೈಯಿಂದ ಲಿಂಗ ತೆಗೆದುಕೊಂಡರು. ಮುಚ್ಚಳದ ಒಂದು ಮೂಲೆಯನ್ನಷ್ಟೇ ಮೀಟಿ ಎತ್ತಿ, ನನಗೆ ಕಾಣದಂತೆ ಬೆನ್ನು ಅಡ್ಡ ಕೊಟ್ಟು, ಮೊಣಕೈವರೆಗೆ ಕೈ ತೂರಿಸಿದರು. ಒಳಗೆ ಏನನ್ನೋ ಬಿಡಿಸುವವರ ಹಾಗೆ ಬಹಳ ಹೊತ್ತು ಹೆಣಗಿದರು... ಬಿಗಿದ ಬೆರಳುಗಳನ್ನೇ ಇರಬೇಕು. ಕೈ ಹೊರಗೆ ಬಂದಾಗ ಬರಿದಾಗಿತ್ತು.

"ನಿಮ್ಮವ್ವನ ಮುಂದೆ ಬಾಯಿ ಬಿಟ್ಟೀಯಾ, ಹುಷಾರ್. ಅವನು ಕುಂತಾನೆ. ತಿಳೀತಾ?"

ಪೆಟ್ಟಿಗೆ ಅಪ್ಪನ ಪಕ್ಕದಲ್ಲಿ ಉದ್ದಕ್ಕೆ ಇಳಿಯಿತು.

ಮನೆಗೆ ಬಂದಾಗ ಅವ್ವ ಬಾಗಿಲಲ್ಲೇ ಕೂತಿದ್ದಳು. "ಕುಂತ್ನೇನೋ ಅಣ್ಣಾ?"

"ಕುಂತ. ಗೌಡನಂಗೆ ಕುಂತ" ಎಂದು ಮಾವ ಬೈಕು ಹತ್ತಿದರು. ಅಂದೂ ನಮ್ಮ ಮನೆಯ ನೀರು ಕುಡಿಯಲಿಲ್ಲ.

ಆಮೇಲಿನ ವರ್ಷಗಳಲ್ಲಿ ಅವ್ವ ಒಮ್ಮೊಮ್ಮೆ ಕೈಕೆಲಸ ಬಿಟ್ಟು, ಬಂದದ್ದು ಯಾರ ಮಗನೋ ಏನೋ ಎನ್ನುತ್ತಿದ್ದಳು. ಮುಖ ನೋಡದವಳಿಗೆ ಏನೆಂದು ಹೇಳಲಿ? ಒಂದು ದಿನ ತಡೆಯಲಾರದೆ ಬಸವಾಪಟ್ಟಣಕ್ಕೆ ಹೋಗಿ, ಒಳಗೆ ಏನು ನೋಡಿದಿರಿ ಎಂದು ಮಾವನನ್ನೇ ಕೇಳಿದೆ. "ನೋಡಬ್ಯಾಡ ಅಂದಿದ್ದನ್ನ ಕೇಳಾಕೆ ಬಂದೀಯಾ? ಹೋಗು, ಬಸ್ಸಿನ ಹೊತ್ತಾತು" ಎಂದರು. ಅವರು ಒಳ್ಳೆಯದಕ್ಕೇ ಮಾಡಿದರು ಎನ್ನುವವರು ಊರಿನಲ್ಲಿದ್ದಾರೆ. ಇರಬಹುದು. ಅವ್ವನ ಬೆರಳುಗಳನ್ನು ಅವರು ಒಂದೊಂದಾಗಿ ಬಿಡಿಸಿದ್ದನ್ನು ನಾನು ಕಂಡಿದ್ದೇನೆ.

ಹೋದ ತಿಂಗಳು ಮಾವ ತೀರಿಕೊಂಡರು. ತಲೆಗೆ ಬಟ್ಟೆ ಕಟ್ಟಿ, ಗೋಡೆಗೆ ಒರಗಿಸಿ, ಅಂಗೈಯಲ್ಲಿ ಲಿಂಗ ಇಟ್ಟು ಪಡಸಾಲೆಯಲ್ಲಿ ಕೂರಿಸಿದ್ದರು. ಅವ್ವ ಎದುರಿಗೇ ಕೂತು ಅವರ ಮುಖವನ್ನು ಸಾಕೆನಿಸುವಷ್ಟು ನೋಡಿದಳು. ಯಾರೂ ತಡೆಯಲಿಲ್ಲ. ನನಗೆ ಅಳು ಬರಲಿಲ್ಲ. ಅಷ್ಟು ಸಲೀಸಾಗಿ ಕೂತಿದ್ದರಲ್ಲ ಎಂದು ಹೊಟ್ಟೆ ಉರಿಯಿತು.

ಬೀರುವಿನ ಬಾಗಿಲು ಈಗಲೂ ತೆರೆದೇ ಇದೆ. ನಿನ್ನೆ ಅವ್ವ ಅದರ ಮುಂದೆ ಸೀರೆ ಮಡಚುತ್ತ, "ನಿಮ್ಮ ಮಾವ ಎಷ್ಟ್ ಚೆಂದ ಕುಂತಿದ್ದ ನೋಡು" ಎಂದಳು. "ನನ್ನ ಮಗನ್ನೂ ಹಂಗೇ ಕುಂದ್ರಿಸಿದ್ನಂತೆ. ನೀನು ಹೋಗಿದ್ದೆಯಲ್ಲ ಅವತ್ತು, ಹೆಂಗೆ ಕುಂತಿದ್ದ?"

ಇಷ್ಟು ವರ್ಷ ಅವಳು ನನ್ನನ್ನು ಕೇಳಿರಲಿಲ್ಲ. ಮಾವನನ್ನೇ ಕೇಳುತ್ತಿದ್ದಳು, ಅವರು ಗದರಿಸಿ ಅದನ್ನೇ ಮತ್ತೆ ಹೇಳುತ್ತಿದ್ದರು. ತಮ್ಮನ ಮುಖವನ್ನು ಕೊನೆಗೆ ಕಂಡದ್ದು ಅವರೊಬ್ಬರೇ. ಅದು ಅವರ ಜೊತೆಗೇ ಮಣ್ಣಾಯಿತು. ಅವರ ಸುಳ್ಳು ಮಾತ್ರ ನನ್ನ ಪಾಲಿಗೆ ಉಳಿಯಿತು.

"ಮಾವನಂಗೇ ಕುಂತಿದ್ದ ಅವ್ವ."

"ಬೆನ್ನು ನೆಟ್ಟಗೆ?"

"ಹೂಂ. ನೆಟ್ಟಗೆ."

ಅವಳು ಸೀರೆಯನ್ನು ಬೀರುವಿನೊಳಗೆ ಇಟ್ಟಳು. ನಾನು ಮೂಗು ಮುಚ್ಚಿಕೊಳ್ಳಲಿಲ್ಲ.